ಕಾಕಾನ ಕಾಲಿನ ಲೆಕ್ಕ

ಗದಗ-ಬೆಟಗೇರಿಯ ನಮ್ಮ ಕಾಕಾ ಕುಣಿ ಮಗ್ಗದ ನೇಕಾರ. ವಯಸ್ಸು 42. ಹುಬ್ಬಳ್ಳಿ ರಸ್ತೆಯಲ್ಲಿ ಟೆಂಪೊ ಗುದ್ದಿ ಬಲ ಮೊಣಕಾಲು ಮುರಿಯಿತು. ಈಗ ಮಡಚಲು ಆಗುವುದಿಲ್ಲ.

ವಿಮೆ ಕಂಪನಿಯವರು ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದರು. ಸರ್ಟಿಫಿಕೇಟಿನಲ್ಲಿ ಕಾಲಿಗೆ 45%, ಇಡೀ ದೇಹಕ್ಕೆ 15% ಊನ ಎಂದಿದೆ. ತಿಂಗಳಿಗೆ 12,000 ಆದಾಯ ಹಿಡಿದರು. ವರ್ಷಕ್ಕೆ 1,44,000. 41ರಿಂದ 45ರ ವಯಸ್ಸಿಗೆ ಗುಣಕ, ಅಂದ್ರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 14. ಇದು 2009ರ ಸುಪ್ರೀಂ ಕೋರ್ಟ್ ತೀರ್ಪಿನ ಪಟ್ಟಿ. ಗುಣಿಸಿದರೆ 20,16,000. ಅದರ 15% ಅಂದ್ರೆ 3,02,400. ಆಸ್ಪತ್ರೆ ಬಿಲ್ಲು, ನೋವಿನ ಪರಿಹಾರ ಬೇರೆ.

ಲೆಕ್ಕ ಸರಿ ಇದೆ, ಅಲ್ವಾ? ಇಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿದರೇನೇ ಎಳೆಗಳ ನಡುವೆ ದಾರಿ ತೆರೆದು ಲಾಳಿ ಓಡೋದು. ‘ಕಾಲಿಲೆ ತುಳೀಲಾರದೇ, ಸೀರಿ ಹೆಂಗ ನೇಯ್ಲಿ?’ ಅಂದರು ಕಾಕಾ. ವಕೀಲರು ಇದನ್ನೇ ಹಿಡಿದರು. ದೇಹದ ಊನ ಬೇರೆ, ದುಡಿಮೆಯ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಷ್ಟ 50% ಎಂದು ಒಪ್ಪಿದರೆ ಅದೇ ಲೆಕ್ಕ 10,08,000 ಆಗುತ್ತದೆ!

ಅದಾಲತ್ ಕೆಟ್ಟದ್ದೇನಲ್ಲ, ದುಡ್ಡು ಬೇಗ ಬರುತ್ತದೆ. ಆದರೆ ಅಲ್ಲಿ ಸಹಿ ಹಾಕಿದರೆ ಮೇಲ್ಮನವಿ ಇಲ್ಲ. ಅಪಘಾತ ಪರಿಹಾರ ನಿರ್ಧರಿಸುವ ಟ್ರಿಬ್ಯೂನಲ್‌ನಲ್ಲಿ ತೀರ್ಪಾದರೆ ಧಾರವಾಡ ಹೈಕೋರ್ಟ್ ಪೀಠಕ್ಕೆ ಹೋಗಬಹುದು. ಟ್ರಿಬ್ಯೂನಲ್‌ಗೆ ಪರಿಹಾರದ ಅರ್ಜಿ ಹಾಕಲು ಅಪಘಾತವಾದ ದಿನದಿಂದ ಆರು ತಿಂಗಳ ಗಡುವು ಕಾನೂನಿನಲ್ಲಿದೆ, ಸುಮ್ನೆ ಕೂರಬೇಡಿ.

ಕಾಕಾ ಸಹಿ ಹಾಕಲಿಲ್ಲ. ಈಗ ಆದಾಯ ತೋರಿಸಲು ನೇಕಾರರ ಕಾರ್ಡು, ಸೀರೆ ಕೊಟ್ಟ ಚೀಟಿಗಳನ್ನೆಲ್ಲ ಹುಡುಕುತ್ತಿದ್ದೇವೆ. ಅವರು ಹಿಡಿದ 12,000 ಕೂಡ ಕಡಿಮೆಯೇ.