ಪಂಪ್ ಹೆಡ್ ಮೇಲೆ ಉಪ್ಪು

ಇವತ್ತು ಬೆಳಿಗ್ಗೆ ನಮ್ಮ ಲ್ಯಾಬಿನ ಹಳೇ ಎಚ್‌ಪಿಎಲ್‌ಸಿ (ಸ್ಯಾಂಪಲ್‌ನಲ್ಲಿ ಏನೇನಿದೆ ಅಂತ ಬೇರ್ಪಡಿಸಿ ಅಳೆಯೋ ಮಿಷನ್) ಪಂಪ್ ಹೆಡ್ ಹತ್ರ ಬಿಳೀ ಉಪ್ಪು ಕಟ್ಕೊಂಡಿತ್ತು, ಬೆರಳಲ್ಲಿ ಮುಟ್ಟಿದ್ರೆ ಪುಡಿ ಪುಡಿ. ದ್ರವ ಸೋರದ ಹಾಗೆ ತಡೆಯೋ ಸೀಲ್ ಹೋಗಿದೆ. ಶನಿವಾರ ಯಾರೋ ಫಾಸ್ಫೇಟ್ ಬಫರ್ (ಉಪ್ಪಿನ ದ್ರಾವಣ) ಓಡ್ಸಿ ನೀರಲ್ಲಿ ತೊಳೀದೇ ಮನೆಗೆ ಹೋಗಿದಾರೆ. ಯಾರೋ ಅಂದ್ರೆ ನಾನೇ, ತೀರ್ಥಹಳ್ಳಿ ಬಸ್ ಹೊರಡೋದ್ರಲ್ಲಿತ್ತು.

ಹೊಸದು ತಗೊಳ್ಳೋ ಮಾತು ಎರಡು ತಿಂಗಳಿಂದ ನಡೀತಿದೆ. ಮಾರೋಕೆ ಬಂದವ್ರೆಲ್ಲಾ 1000 ಬಾರ್ ಪ್ರೆಶರ್ ತಡ್ಕೊಳತ್ತೆ ಮೇಡಂ, ರನ್ ಟೈಮ್ ಮೂರೇ ನಿಮಿಷ ಅಂತಾರೆ. ಸರಿ ಮಾರಾಯ, ಆದ್ರೆ ನಮ್ಮ ಮೆಥಡ್‌ಗಳೆಲ್ಲಾ 250 ಮಿಮೀ ಉದ್ದದ, 5 ಮೈಕ್ರಾನ್ ಕಣ ತುಂಬಿದ ಕೊಳವೆ, ಅಂದ್ರೆ ಕಾಲಂ ಮೇಲೆ ನಿಂತಿರೋದು, ನಮ್ಮಲ್ಲಿ ಪ್ರೆಶರ್ 200 ಬಾರ್ ದಾಟೋದೇ ಅಪರೂಪ. ಆ ಸ್ಪೀಡ್ ಬೇಕು ಅಂದ್ರೆ ಸಣ್ಣ ಕಾಲಂಗೆ ಹೋಗ್ಬೇಕು, ಆಮೇಲೆ ಹೊಸ ಮೆಥಡ್ ಸರಿ ಅಂತ ತೋರ್ಸೋ ವ್ಯಾಲಿಡೇಶನ್ ಪೇಪರ್ ಬರೆಯೋರು ಯಾರು, ನಾನೇ ತಾನೆ.

ಅಪ್ಪ ಅಡಿಕೆ ಸುಲಿಯೋ ಮಿಷನ್ ತಗೊಳ್ಳೋವಾಗ ಗಂಟೆಗೆ ಎಷ್ಟು ಕೆಜಿ ಅಂತ ಕೇಳ್ಲೇ ಇಲ್ಲ, "ಬೆಲ್ಟು ತೀರ್ಥಹಳ್ಳೀಲಿ ಸಿಗತ್ತೇನೋ?" ಅಂದಿದ್ರು. ಆಗ ನಂಗೆ ನಾಚಿಕೆ ಆಗಿತ್ತು. ಈಗ ನಾನೂ ಅದನ್ನೇ ಕೇಳ್ತೀನಿ, ಸೀಲ್ ಕೆಟ್ರೆ ಎಂಜಿನಿಯರ್ ಎಲ್ಲಿಂದ ಬರ್ತಾರೆ? ಎಲ್ಲರದ್ದೂ ಒಂದೇ ಉತ್ತರ, ಬೆಂಗಳೂರು.

ಮಧ್ಯಾಹ್ನ ಬಂದ ಸೇಲ್ಸ್ ಹುಡುಗ ಮಾತ್ರ ಬ್ರೋಷರ್ ತೆಗೀಲಿಲ್ಲ. ಸೀದಾ ಬಗ್ಗಿ ಆ ಉಪ್ಪು ನೋಡ್ದ. "ನಮ್ದ್ರಲ್ಲಿ ಸೀಲ್ ಹಿಂದೆ ತೊಳೆಯೋ ಲೈನ್ ಇದೆ ಮೇಡಂ, 10% ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸೇರ್ಸಿದ ನೀರು ಹಾಕಿಟ್ರೆ ಇಷ್ಟು ಕಟ್ಟಲ್ಲ, ಆದ್ರೂ ನೀವು ಫ್ಲಶ್ ಮಾಡ್ಲೇಬೇಕು" ಅಂದ.

ಅವನಿಗೆ ಕ್ಯಾಂಟೀನಿಂದ ಕಾಫಿ ತರ್ಸಿದೆ, ಜೊತೆಗೆ ಎರಡು ಬೋಂಡ.