ಅಮ್ಮ ಫ್ಯಾನ್ ಆರಿಸುತ್ತಿದ್ದುದು ಯಾಕೆ

ಮಂಗಳವಾರದಿಂದ ನನ್ನ ತಲೆಯಲ್ಲಿ ಅಮ್ಮನ ಒಂದೇ ಮಾತು ಸುತ್ತುತ್ತಿದೆ. "ಫ್ಯಾನಿಗೂ ಕಣ್ಣಿಗೂ ಸಂಬಂಧ ಇದೆ ಅಂತ ನನಗೇನು ಗೊತ್ತು ಕಣೇ?"

ಅಮ್ಮನಿಗೆ ಪೊರೆ ಆಪರೇಷನ್ ಆಗಿ ಎರಡು ವರ್ಷವಾಯಿತು. ದೃಷ್ಟಿ ಚೆನ್ನಾಗಿದೆ, ಸೂಜಿಗೆ ದಾರ ಪೋಣಿಸುತ್ತಾಳೆ. ಕಣ್ಣಿನ ನೋವು ಮಾತ್ರ ಹೋಗಲಿಲ್ಲ. ಮೂವರು ಡಾಕ್ಟರು ಕಣ್ಣಿಗೆ ಬಣ್ಣ ಹಾಕಿ, ನೀಲಿ ಲೈಟ್ ಬಿಟ್ಟು ನೋಡಿದರು. ಗಾಯ ಇಲ್ಲ, ಗೀರು ಇಲ್ಲ. ಒಬ್ಬರಂತೂ ನನ್ನನ್ನು ಪಕ್ಕಕ್ಕೆ ಕರೆದು, "ಟೆನ್ಶನ್ ಜಾಸ್ತಿ ಅನ್ಸುತ್ತೆ, ಮನೇಲಿ ಎಲ್ಲ ಸರಿ ಇದೆ ತಾನೆ?" ಅಂದರು. ಅಮ್ಮನಿಗೆ ಅದು ಕೇಳಿಸಿತು. ಮನೆ ಸೇರುವ ತನಕ ಮಾತಾಡಲಿಲ್ಲ. ಆ ಡಾಕ್ಟರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮಂಗಳವಾರ ಹೋಗಿದ್ದು ನಾಲ್ಕನೆಯವರ ಹತ್ತಿರ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಟಾರ್ಚ್ ಹಿಡಿಯುವ ಮೊದಲು ಎರಡು ಫಾರಂ ತೆಗೆದರು. ಒಂದು ಓಎಸ್‌ಡಿಐ, ಒಣಗಣ್ಣಿಗೆ ಮಾಡಿದ 12 ಪ್ರಶ್ನೆಗಳು. ಇನ್ನೊಂದು ನರದ ನೋವು ಅಳೆಯುವ ಎನ್‌ಪಿಎಸ್‌ಐ, ಅದನ್ನು ಕಣ್ಣಿಗೆ ಹೊಂದಿಸಿದ್ದಾರೆ. ಎರಡೂ ಇಂಗ್ಲಿಷಿನಲ್ಲಿ. ಅವರು ಒಂದೊಂದನ್ನೂ ಕನ್ನಡದಲ್ಲಿ ಬಿಡಿಸಿ ಕೇಳಿದರು.

ರಾತ್ರಿ ಗಾಡಿ ಓಡಿಸಲು ಕಷ್ಟವಾ? ಕಂಪ್ಯೂಟರ್, ಎಟಿಎಂ? ಅಮ್ಮ ಇದ್ಯಾವುದನ್ನೂ ಮುಟ್ಟಿದವಳಲ್ಲ. ಅನ್ವಯಿಸದ ಪ್ರಶ್ನೆ ಬಿಟ್ಟು, ಉತ್ತರಿಸಿದವುಗಳ ಮೇಲೆ ಮಾತ್ರ ಅಂಕ ಲೆಕ್ಕ ಹಾಕುತ್ತಾರಂತೆ. ಲೆಕ್ಕ ಸರಿಯೇ. ಆದರೆ ಒಗ್ಗರಣೆ ಹೊಗೆಗೆ ಅಮ್ಮ ಹಿಂದೆ ಸರಿದು ನಿಲ್ಲುವುದನ್ನು ಆ ಫಾರಂ ಕೇಳಲೇ ಇಲ್ಲ.

ಉರಿ ಹೇಗಿರುತ್ತೆ ಅಂದಾಗ ಅಮ್ಮ, "ಮೆಣಸಿನಕಾಯಿ ಹೆಚ್ಚಿದ ಕೈ ತಾಗಿದ ಹಾಗೆ" ಅಂದಳು. ಶಾಕ್ ಹೊಡೆದ ಹಾಗೆ ಆಗುತ್ತಾ ಅಂದರೆ, "ಶಾಕ್ ಅಲ್ಲಮ್ಮ, ಚಳುಕು." ಸೊನ್ನೆಯಿಂದ ಹತ್ತರೊಳಗೆ ಎಷ್ಟು? "ಬೆಳಿಗ್ಗೆದು ಹೇಳಲಾ, ಸಂಜೆದು ಹೇಳಲಾ?" ಡಾಕ್ಟರಮ್ಮ ಎರಡನ್ನೂ ಬರೆದುಕೊಂಡರು. ಅಲ್ಲೇ ಅವರು ನನಗೆ ಇಷ್ಟವಾದರು.

ಆಮೇಲೆ ಬಂತು ಆ ಪ್ರಶ್ನೆ. "ಗಾಳಿ ಬೀಸಿದರೆ ನೋವು ಜಾಸ್ತಿ ಆಗುತ್ತಾ ಅಮ್ಮ?"

ಅಮ್ಮ ನನ್ನ ಮುಖ ನೋಡಿದಳು. "ಫ್ಯಾನ್ ಗಾಳಿಗೂ ಆಗುತ್ತೆ."

ನಮ್ಮದು ದಾವಣಗೆರೆ. ಏಪ್ರಿಲ್ ಸೆಖೆ ಹೇಗಿರುತ್ತೆ ಅಂತ ಹೇಳಬೇಕಿಲ್ಲ. ಎರಡು ಬೇಸಿಗೆ ಅಮ್ಮ ಫ್ಯಾನ್ ಆರಿಸಿ ಮಲಗಿದ್ದಾಳೆ. ಕರೆಂಟ್ ಬಿಲ್ ಉಳಿಸುತ್ತಾಳೆ ಅಂತ ನಾವೆಲ್ಲ ಬೈದಿದ್ದೇವೆ. ನಾನೇ ಎದ್ದುಹೋಗಿ ಎಷ್ಟು ಸಲ ಸ್ವಿಚ್ ಹಾಕಿ ಬಂದಿದ್ದೇನೋ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೇ ಅವಳು ಆ ಮಾತು ಹೇಳಿದ್ದು.

ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ. ಅಲ್ಲಿರುವಷ್ಟು ನರಗಳು ಒತ್ತಾಗಿರುವ ಜಾಗ ಮೈಯಲ್ಲಿ ಇನ್ನೊಂದಿಲ್ಲವಂತೆ. ಆಪರೇಷನ್‌ನಲ್ಲಿ ಕತ್ತರಿಸಿದ ನರ ಕೆಲವರಲ್ಲಿ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಗಾಯ ಮಾಯ್ದರೂ ಅದು ನೋವು, ನೋವು ಅಂತ ಸುದ್ದಿ ಕಳಿಸುತ್ತಲೇ ಇರುತ್ತೆ. ಬಣ್ಣ ಹಾಕಿದರೆ ಕಾಣುವುದು ಮೇಲಿನ ಪದರದ ಗಾಯ, ನರದ ತಕರಾರಲ್ಲ. ಅದಕ್ಕೇ ಕೇಳಬೇಕು. ಮರಗಟ್ಟಿಸುವ ಹನಿ ಹಾಕಿ ಮತ್ತೆ ಅಂಕ ಕೇಳಿದರು. ಏಳು ಇದ್ದದ್ದು ನಾಲ್ಕಕ್ಕೆ ಇಳಿಯಿತು, ಸೊನ್ನೆ ಆಗಲಿಲ್ಲ. ಅಂದರೆ ನೋವು ಬರೀ ಕಣ್ಣಲ್ಲಿಲ್ಲ, ಒಂದು ಪಾಲು ಮಿದುಳಿನ ಕಡೆಗೂ ಹೋಗಿ ಕೂತಿರಬಹುದು ಅಂದರು. ಮಾತ್ರೆ ಬರೆದುಕೊಟ್ಟಿದ್ದಾರೆ, ತಿಂಗಳುಗಟ್ಟಲೆ ಬೇಕಾಗಬಹುದು.

ಎರಡು ವರ್ಷ ಅಮ್ಮನಿಗೆ ನಾವು ಕೇಳಿದ್ದು "ಈಗ ಹೇಗಿದೆ?" ಅಂತ. ಅದಕ್ಕೆ ಅವಳ ಉತ್ತರ "ಪರವಾಗಿಲ್ಲ." ಅಪ್ಪನ ಮಂಡಿನೋವಿಗೂ ನಾವು ಅದನ್ನೇ ಕೇಳುತ್ತೇವೆ, ಅವರದ್ದೂ ಅದೇ ಉತ್ತರ. ಸುಮ್ನೆ ಕೇಳಿ, ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ.

ಮುಂದಿನ ಸಲ ಹೋಗುವಾಗ ಜೊತೆಗಿರಲಿ ಅಂತ ಅಡುಗೆಮನೆ ಕ್ಯಾಲೆಂಡರಿನಲ್ಲಿ ದಿನಾ ಬರೆಯುತ್ತಿದ್ದೇನೆ. ನಿನ್ನೆಯದು: ಬೆಳಿಗ್ಗೆ 3, ಒಗ್ಗರಣೆ ಹೊತ್ತಿಗೆ 7, ಸಂಜೆ 5, ರಾತ್ರಿ ಫ್ಯಾನ್ ಇಲ್ಲದೆ 4.