ಡಿಟಾಕ್ಸ್ ಮುಗಿಸಿ ಮನೆಗೆ ಬಂದ ಮೇಲೆ: ಹಳೇ ಲೆಕ್ಕದ ಗುಳಿಗೆ ಈಗ ಜೀವಕ್ಕೇ ಅಪಾಯ

ವಾರವೋ ಹತ್ತು ದಿನವೋ ದವಾಖಾನೆಯಲ್ಲಿದ್ದು, ಮೈಕೈ ನೋವು, ಭೇದಿ, ಸೋರುವ ಮೂಗು, ನಿದ್ದೆಯಿಲ್ಲದ ರಾತ್ರಿ ಎಲ್ಲ ದಾಟಿ ಹುಡುಗ ಮನೆಗೆ ಬರುತ್ತಾನೆ. "ಚಟ ಬಿಡಿಸಿಕೊಂಡು ಬಂದ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಸಿರಪ್, ಹೆರಾಯಿನ್, ಗಸಗಸೆ ಸಿಪ್ಪೆ, ಓಪಿಯಾಯ್ಡ್ ಅಂದರೆ ಅಫೀಮಿನ ಗುಂಪಿನ ನಶೆ ಯಾವುದೇ ಆಗಲಿ, ಅತ್ಯಂತ ಅಪಾಯದ ಕಾಲ ಶುರುವಾಗುವುದು ಆವತ್ತಿನಿಂದಲೇ.

ಕಾರಣ ಸರಳ. ದಿನಾ ನುಂಗುತ್ತಿದ್ದಾಗ ದೇಹ ಅಷ್ಟು ಪ್ರಮಾಣಕ್ಕೆ ಒಗ್ಗಿಕೊಂಡಿತ್ತು. ಬಿಟ್ಟ ಕೆಲವೇ ದಿನಗಳಲ್ಲಿ ಆ ಒಗ್ಗಿಕೆ ಇಳಿಯುತ್ತದೆ, ಆಸೆ ಮಾತ್ರ ಹಾಗೇ ಉಳಿಯುತ್ತದೆ. ಮೂರನೇ ವಾರ ಒಂದು ಕೆಟ್ಟ ಸಂಜೆ "ಒಂದೇ ಸಲ" ಎಂದು ಹಳೇ ಲೆಕ್ಕದಷ್ಟೇ ತೆಗೆದುಕೊಂಡರೆ ಉಸಿರಾಟವೇ ನಿಲ್ಲಬಹುದು. ಜೊತೆಗೆ ಸಾರಾಯಿ ಅಥವಾ ಅಲ್ಪ್ರಜೋಲಾಮ್‌ನಂಥ ನಿದ್ದೆಗುಳಿಗೆ ಸೇರಿದರೆ ಅಪಾಯ ಹಲವು ಪಟ್ಟು. ಈ ಮಾತನ್ನು ಹುಡುಗನಿಗೆ ನೇರವಾಗಿ ಹೇಳಬೇಕು. ಹೇಳಿದರೆ ನೆನಪಾಗಿ ಮತ್ತೆ ಶುರು ಮಾಡಿಯಾನು ಎಂಬ ಹೆದರಿಕೆ ತಪ್ಪು.

ಇನ್ನು ಔಷಧಿಯ ಮಾತು. ಬರೀ ಡಿಟಾಕ್ಸ್ ಮಾಡಿಸಿ ಕೈಬಿಟ್ಟವರಲ್ಲಿ ಹೆಚ್ಚಿನವರು ಮರಳಿ ಬೀಳುತ್ತಾರೆ. ಆಸೆಯನ್ನು ಹತೋಟಿಯಲ್ಲಿಡುವ, ಬ್ಯುಪ್ರೆನಾರ್ಫಿನ್ ಮತ್ತು ನಲಾಕ್ಸೋನ್ ಸೇರಿದ ಗುಳಿಗೆಯನ್ನು ತಿಂಗಳುಗಟ್ಟಲೆ, ಬೇಕಾದರೆ ವರ್ಷಗಟ್ಟಲೆ ಮುಂದುವರಿಸಿದವರಿಗೆ ಉಳಿಯುವ ಅವಕಾಶ ಬಹಳ ಹೆಚ್ಚು. "ಒಂದು ಚಟ ಬಿಟ್ಟು ಇನ್ನೊಂದು ಹಿಡಿದ" ಎಂದು ನೆಂಟರು ಆಡಿಕೊಳ್ಳುತ್ತಾರೆ. ಆ ಮಾತು ಕೇಳಿ ಗುಳಿಗೆ ನಿಲ್ಲಿಸುವುದೇ ಎಷ್ಟೋ ಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಸಕ್ಕರೆ ಕಾಯಿಲೆಯವರಿಗೆ ಹೀಗೆ ಯಾರೂ ಹೇಳುವುದಿಲ್ಲವಲ್ಲ.

ಈ ಬ್ಯುಪ್ರೆನಾರ್ಫಿನ್ ಗುಳಿಗೆಯನ್ನು ನುಂಗಬಾರದು, ನುಂಗಿದರೆ ಕರುಳು, ಯಕೃತ್ತಿನಲ್ಲೇ ಬಹುಪಾಲು ಹಾಳಾಗುತ್ತದೆ. ಬಾಯಿ ಒಣಗಿದ್ದರೆ ಒಂದು ಗುಟುಕು ನೀರು ಕುಡಿದು ನಾಲಿಗೆ ಕೆಳಗೆ ಇಟ್ಟು, ಪೂರ್ತಿ ಕರಗುವವರೆಗೆ ಐದು-ಹತ್ತು ನಿಮಿಷ ಮಾತಿಲ್ಲದೆ ಕೂರಬೇಕು. ಎಲೆಅಡಿಕೆ, ಗುಟ್ಕಾ ಬಾಯಲ್ಲಿಟ್ಟುಕೊಂಡು ತೆಗೆದುಕೊಳ್ಳಬೇಡಿ. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಿ, ಹಲ್ಲುಜ್ಜಲು ಒಂದು ಗಂಟೆ ಕಾಯಿರಿ, ಇಲ್ಲದಿದ್ದರೆ ಹಲ್ಲು ಕೆಡುತ್ತದೆ. ಚಿಕ್ಕ ಮಕ್ಕಳಿಗೆ ಒಂದೇ ಗುಳಿಗೆಯೂ ಪ್ರಾಣಾಂತಕವಾಗಬಹುದು, ಬೀಗದ ಪೆಟ್ಟಿಗೆಯಲ್ಲಿಡಿ. ಇದು ಎಲ್ಲ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರಕಲ್ಲ. ಕೈಯಲ್ಲಿ ನಾಲ್ಕು ದಿನದ್ದು ಉಳಿದಿರುವಾಗಲೇ ಫೋನ್ ಮಾಡಿ ದಾಸ್ತಾನು ಕೇಳಿ, ಬಸ್ಸು ಹತ್ತಿ.

ನಾಲ್ಟ್ರೆಕ್ಸೋನ್ ಬೇರೆ ದಾರಿ. ದಿನಕ್ಕೆ ಸಾಮಾನ್ಯವಾಗಿ 50 ಮಿಲಿಗ್ರಾಂ. ಇದು ನಶೆಯ ಬಾಗಿಲನ್ನೇ ಮುಚ್ಚುತ್ತದೆ, ಅಂದರೆ ಓಪಿಯಾಯ್ಡ್ ತೆಗೆದುಕೊಂಡರೂ ನಶೆ ಏರದಂತೆ ತಡೆಯುತ್ತದೆ. ಶುರು ಮಾಡುವ ಮುಂಚೆ ಕನಿಷ್ಠ 7ರಿಂದ 10 ದಿನ ಯಾವ ಓಪಿಯಾಯ್ಡ್ ಕೂಡ ಮೈಯಲ್ಲಿರಬಾರದು. ಇದ್ದರೆ ಒಂದೇ ಗಂಟೆಯೊಳಗೆ ಭಯಂಕರ ವಾಂತಿ, ಭೇದಿ, ನಡುಕ ಕಟ್ಟಿಕೊಳ್ಳುತ್ತದೆ. ಯಕೃತ್ತಿನ ರಕ್ತಪರೀಕ್ಷೆಯೂ ಬೇಕು. ಮನೆಯವರ ಕಣ್ಣೆದುರೇ ನುಂಗುವ ವ್ಯವಸ್ಥೆ ಇಲ್ಲದಿದ್ದರೆ ಈ ಔಷಧಿ ಉಳಿಯುವುದಿಲ್ಲ: ನಾಲ್ಕು ದಿನ ತಪ್ಪಿಸುತ್ತಾರೆ, ಐದನೇ ದಿನ ಹಳೇ ಗುಳಿಗೆ, ಒಗ್ಗಿಕೆ ಪೂರ್ತಿ ಇಳಿದ ದೇಹ.

ಎಲ್ಲಿಗೆ ಹೋಗಬೇಕು? ಬಳ್ಳಾರಿಯಲ್ಲಿ ಹಳೇ ವಿಮ್ಸ್, ಅಂದರೆ ಈಗಿನ ಬಿಎಂಸಿಆರ್‌ಸಿ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್, ಈ ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಎಂದು ವಿಚಾರಿಸಿ. ಫೋನಿನಲ್ಲೇ ಕನ್ನಡದಲ್ಲಿ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಚಟಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446.

ಮನೆಗೆ ಬಂದವನಿಗೆ ಮೊದಲ ಕೆಲವು ತಿಂಗಳು ನಿದ್ದೆ ಸರಿಯಾಗಿ ಬರುವುದಿಲ್ಲ, ಏನು ಮಾಡಿದರೂ ಖುಷಿ ಹುಟ್ಟುವುದಿಲ್ಲ. ಇದನ್ನು ಸೋಮಾರಿತನ ಎಂದು ಬೈದರೆ ಮತ್ತೆ ತೆಗೆದುಕೊಳ್ಳಲು ಅವನು ಅದನ್ನೇ ನೆಪ ಮಾಡಿಕೊಳ್ಳುತ್ತಾನೆ. ಸಂಜೆಯ ಮೇಲೆ ಚಹಾ ಬೇಡ, ಹಗಲು ಮಲಗುವುದು ಅರ್ಧ ಗಂಟೆ ಮೀರಬೇಡ, ರಾತ್ರಿ ಪಾಳಿ ಆದಷ್ಟು ತಪ್ಪಿಸಿ. ತೋರಣಗಲ್ಲಿನ ಉಕ್ಕಿನ ಕೆಲಸ, ಗಂಗಾವತಿ-ಸಿಂಧನೂರಿನ ರೈಸ್ ಮಿಲ್, ಅದಿರು ಲಾರಿ ಓಡಿಸುವವರಿಗೆ ಇದು ಕಷ್ಟವೇ. ಆದರೂ ಎರಡು ತಿಂಗಳ ಮಟ್ಟಿಗೆ ಹಗಲು ಪಾಳಿ ಕೇಳಿ ನೋಡಿ. ನಮ್ಮ ಕಡೆಯ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದಾಗ, ನೀರಡಿಕೆಯಿಂದಾಗುವ ಸುಸ್ತು, ಬೆವರು, ಸ್ನಾಯು ಸೆಳೆತವನ್ನು "ಮತ್ತೆ ಅದೇ ಶುರುವಾಯಿತು" ಎಂದು ತಪ್ಪು ತಿಳಿದು ಗುಳಿಗೆಯ ಕಡೆ ಓಡುವವರಿದ್ದಾರೆ. ಮೊದಲು ಉಪ್ಪು ಹಾಕಿದ ಮಜ್ಜಿಗೆ ಅಥವಾ ಅಂಬಲಿ ಕುಡಿದು, ನೆರಳಲ್ಲಿ ಅರ್ಧ ಗಂಟೆ ಕೂತು ನೋಡಿ.

ಆಸೆ ಬಂದಾಗ ಅದು ಅಲೆಯಂತೆ ಏರಿ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ಕೈಯಲ್ಲಿ ದುಡ್ಡಿರಬಾರದು. ಬಟವಾಡೆಯ ದಿನ ಕೂಲಿ ನೇರ ಅವ್ವನ ಅಥವಾ ಹೆಂಡತಿಯ ಖಾತೆಗೆ ಹೋಗಲಿ. ಫೋನಿನಲ್ಲಿ ಯುಪಿಐ ಬೇಡ, ಗುಳಿಗೆ ಕೊಡುತ್ತಿದ್ದವರ ನಂಬರ್ ಬೇಡ, ಸಾಧ್ಯವಾದರೆ ಸಿಮ್ಮೇ ಬದಲಿಸಿ. ಆ ಅಂಗಡಿಯ ಮುಂದಿನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಕೆಲಸಕ್ಕೆ ಹೋಗಲಿ. ಗವಿಮಠದ ಜಾತ್ರೆ, ಮದುವೆ ಮೆರವಣಿಗೆಯಂಥ ಕಡೆ ಹಳೇ ಗೆಳೆಯರು ಸಿಕ್ಕೇ ಸಿಗುತ್ತಾರೆ. ಒಬ್ಬನೇ ಹೋಗಬಾರದು.

ನೋವಿನ ಗುಳಿಗೆಯ ವಿಷಯದಲ್ಲಿ ಜಾಗ್ರತೆ. ಪ್ಯಾರಾಸಿಟಮಾಲ್ ಜೊತೆ ಟ್ರಮಡಾಲ್ ಸೇರಿದ ಗುಳಿಗೆಗಳಿವೆ, ಹೊಟ್ಟೆನೋವಿನ ಕೆಲವು ಕ್ಯಾಪ್ಸೂಲ್‌ಗಳಲ್ಲೂ ಅದಿದೆ. ಹಲ್ಲು ಕೀಳಿಸುವಾಗ, ಕೈಮುರಿದಾಗ "ಓಪಿಯಾಯ್ಡ್ ಇಲ್ಲದ್ದು ಕೊಡಿ" ಎಂದು ಮೊದಲೇ ಹೇಳಿ, ಗುಳಿಗೆ ಪಟ್ಟಿಯ ಹಿಂದೆ ಬರೆದ ಹೆಸರು ಓದಿ. ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಚೀಟಿ ಇಟ್ಟುಕೊಳ್ಳಬೇಕು. ಅಪಘಾತವಾದರೆ ಮಾರ್ಫಿನ್ ಕೆಲಸ ಮಾಡುವುದಿಲ್ಲ ಎಂದು ವೈದ್ಯರಿಗೆ ಗೊತ್ತಾಗಬೇಕು.

ಮೂತ್ರ ಪರೀಕ್ಷೆಯ ಪಟ್ಟಿಯನ್ನು ಅಂಗಡಿಯಿಂದ ತಂದು ಮನೆಯಲ್ಲೇ ನ್ಯಾಯ ಮಾಡುವವರಿಗೆ ಒಂದು ಮಾತು. ಸಾಮಾನ್ಯ ಪಟ್ಟಿಗೆ ಟ್ರಮಡಾಲ್, ಟಪೆಂಟಡಾಲ್ ಕಾಣುವುದೇ ಇಲ್ಲ. ಹಬ್ಬದ ಗಸಗಸೆ ಪಾಯಸ ಕುಡಿದವನ ಪರೀಕ್ಷೆ ಮಾತ್ರ ತಪ್ಪಿತಸ್ಥನೆಂದು ತೋರಿಸಿಬಿಡಬಹುದು.

ಒಂದು ಸಲ ಜಾರಿದ ಎಂದಿಟ್ಟುಕೊಳ್ಳಿ. ಬಾಗಿಲು ಹಾಕಿಕೊಂಡು ಒಬ್ಬನೇ ಮಲಗಲು ಬಿಡಬೇಡಿ. ಕರೆದರೂ ಎದ್ದೇಳದಿದ್ದರೆ, ಉಸಿರು ನಿಧಾನವಾಗಿ ಗೊರಕೆಯಂತೆ ಬರುತ್ತಿದ್ದರೆ, ತುಟಿ ನೀಲಿಯಾಗಿ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ ಏನು ತೆಗೆದುಕೊಂಡ ಎಂದು ಮುಚ್ಚಿಡದೆ ಹೇಳಿ. ಉಸಿರಿದ್ದರೆ ಎಡಮಗ್ಗುಲಿಗೆ ಮಲಗಿಸಿ, ಇಲ್ಲದಿದ್ದರೆ ಬಾಯಿಂದ ಉಸಿರು ಕೊಡಿ. ಓಪಿಯಾಯ್ಡ್ ಪರಿಣಾಮವನ್ನು ತಡೆಯುವ ನಲಾಕ್ಸೋನ್ ಚುಚ್ಚುಮದ್ದು ಕೊಟ್ಟ ಮೇಲೆ ಎದ್ದು ಕೂತರೂ ಮನೆಗೆ ಕರೆತರಬೇಡಿ, ಅದರ ಪರಿಣಾಮ ಅರ್ಧದಿಂದ ಒಂದೂವರೆ ಗಂಟೆಯಲ್ಲಿ ಇಳಿದು ಉಸಿರು ಮತ್ತೆ ನಿಲ್ಲಬಹುದು. ಅಂಥದ್ದೇನೂ ಆಗಲಿಲ್ಲ ಎಂದಿದ್ದರೆ ಮರುದಿನ ಬೆಳಿಗ್ಗೆಯೇ ವೈದ್ಯರ ಹತ್ತಿರ ಹೋಗಿ, ಯಾವ ಗುಳಿಗೆ, ಎಷ್ಟು, ಎಷ್ಟು ಹೊತ್ತಿಗೆ ಎಂದು ಹೇಳಿ. ಅಲ್ಲಿಯವರೆಗೆ ನಾಲ್ಟ್ರೆಕ್ಸೋನ್ ಮುಟ್ಟಬೇಡಿ.